ಮೂರು ಚಾವಡಿಯ ಒಂದು ಹಗ್ಗ

ಬಹುಕಾಲದ ಹಿಂದೆ ಮಬ್ಬುನಾಡು ಎಂಬ ರಾಜ್ಯವಿತ್ತು. ಅಲ್ಲಿಗೆ ಸೂರ್ಯ ಬರುತ್ತಿರಲಿಲ್ಲ. ಊರ ನಡುವೆ ಬೆಟ್ಟದಷ್ಟು ದೊಡ್ಡ ತಾಮ್ರದ ಹಂಡೆ. ಅದು ಕುದಿದರೆ ಆವಿ ಕಲ್ಲಿನ ಕಾಲುವೆಗಳಲ್ಲಿ ಹರಿದು ಮನೆಮನೆಯನ್ನೂ ಬೆಚ್ಚಗಿಡುತ್ತಿತ್ತು. ಅದಕ್ಕೆಂದೇ ಮೂರು ಪ್ರಾಣಿಗಳಿದ್ದವು: ಹೊಳೆ ಹೊತ್ತು ತರುವ ಕೋಣ, ಬೆಂಕಿ ಉಗುಳುವ ಉಡ, ಬಿರುಗಾಳಿ ಊದುವ ಕುದುರೆ. ಮೂರಕ್ಕೂ ಬೇರೆ ಬೇರೆ ಚಾವಡಿ, ಬೇರೆ ಬೇರೆ ಅಧಿಕಾರಿ.

ಸೋಮವಾರ ಉಡ ಬೆಂಕಿ ಹಚ್ಚುತ್ತಿತ್ತು, ಅದು ಗಾಳಿಯಿಲ್ಲದೆ ಆರುತ್ತಿತ್ತು. ಮಂಗಳವಾರ ಕುದುರೆ ಬೂದಿ ಊದುತ್ತಿತ್ತು. ಬುಧವಾರ ಕೋಣ ನೀರು ತುಂಬುತ್ತಿತ್ತು, ಅದು ಹೆಪ್ಪುಗಟ್ಟುತ್ತಿತ್ತು. ಗುರುವಾರ ಮೂವರು ಅಧಿಕಾರಿಗಳೂ ರಾಜನಿಗೆ ವರದಿ ಒಪ್ಪಿಸುತ್ತಿದ್ದರು: ನಮ್ಮ ಕೆಲಸ ಆಗಿದೆ.

ಈ ಏರ್ಪಾಡು ಮಾಡಿದವನು ಚಳಿಮಲ್ಲನೆಂಬ ಮಾಯಾವಿ. ಅವನ ಊಟವೇ ಚಳಿ. "ಮೂರೂ ಒಂದಾದರೆ ನಿಮ್ಮ ಸಿಂಹಾಸನ ಕರಗುತ್ತದೆ, ಪ್ರಭು," ಎಂದಿದ್ದ. ರಾಜ ನಂಬಿದ್ದ. ಸಿಂಹಾಸನ ಮರದ್ದು.

ಆ ಊರಲ್ಲಿ ಹಗ್ಗ ಹೊಸೆಯುವ ದ್ಯಾಮವ್ವ ಇದ್ದಳು. ಒಂದು ಗುರುವಾರ ಅವಳ ತಂಗಿ ಸಂಕವ್ವ ಹೆತ್ತಳು. ಮಗುವಿನ ಪಾದ ನೀಲಿಗಟ್ಟಿತ್ತು. ಸಂಜೆಯೊಳಗೆ ಮನೆ ಬೆಚ್ಚಗಾಗದಿದ್ದರೆ ಮಗು ಉಳಿಯುವುದಿಲ್ಲ ಎಂದಳು ಸೂಲಗಿತ್ತಿ.

ದ್ಯಾಮವ್ವ ಉಡದ ಚಾವಡಿಗೆ ಓಡಿ, ಹಂಡೆ ಕಾಯಿಸಿ ಎಂದು ಬೇಡಿದಳು. "ಗಾಳಿಯವರ ಮುದ್ರೆ ತಾ, ತಾಯಿ," ಎಂದ ಅಲ್ಲಿನ ಅಧಿಕಾರಿ.

ಕುದುರೆಯ ಚಾವಡಿಗೆ ಓಡಿದಳು. "ನೀರಿನವರು ಮೊದಲು ಒಪ್ಪಲಿ."

ಕೋಣದ ಚಾವಡಿಗೆ ಓಡಿದಳು. "ಬೆಂಕಿಯವರ ಮುದ್ರೆ ಎಲ್ಲಮ್ಮ?"

"ಅವರನ್ನೇ ಮೊದಲು ಕೇಳಿದ್ದು, ಸ್ವಾಮಿ."

"ಹಾಗಾದರೆ ಸರಿಯಾದ ದಾರಿಯಲ್ಲೇ ಇದ್ದೀಯ. ಇನ್ನೊಂದು ಸುತ್ತು ಹಾಕು."

ಅವಳು ಮನೆಗೆ ಬಂದಳು. ಗುರುವಾರ ಪ್ರಾಣಿಗಳಿಗೆ ರಜೆ. ಅಂದು ಮೂರೂ ಚಾವಡಿಯ ಸವೆದ ಹಗ್ಗಗಳು ಹುರಿಗೊಳ್ಳಲು ಅವಳ ಅಂಗಳಕ್ಕೇ ಬರುವುದು ವಾಡಿಕೆ. ಹಂಡೆಯ ಬಳಿ ನಿಂತು ತನ್ನ ಹಗ್ಗ ಎಳೆದರೆ, ಎಷ್ಟು ದೂರವಿದ್ದರೂ ಪ್ರಾಣಿ ಅಲ್ಲಿಗೆ ಬರುತ್ತಿತ್ತು. ಅದು ಅವುಗಳ ಸ್ವಭಾವ. ದ್ಯಾಮವ್ವ ಮೂರೂ ಹಗ್ಗ ಸೇರಿಸಿ ಒಂದಾಗಿ ಹೊಸೆದಳು.

"ಅಕ್ಕಾ, ನಿನ್ನ ತಲೆ ತೆಗೀತಾರೆ!" ಎಂದಳು ಸಂಕವ್ವ.

"ಯಾರು ತೆಗೆಯೋದು? ಅದಕ್ಕೂ ಮೂರು ಮುದ್ರೆ ಬೇಕು."

ಹಂಡೆಯ ಬಳಿ ನಿಂತು ಅವಳು ಹಗ್ಗ ಎಳೆದಳು. ದೂರದಲ್ಲಿ ಮೂರು ಲಾಯದ ಬಾಗಿಲು ಮುರಿದ ಸದ್ದಾಯಿತು. ಚಳಿಮಲ್ಲ ಎದುರಿಗೆ ಬಂದ. ಅವಳ ಕಾಲು ಹೆಪ್ಪುಗಟ್ಟಿಸಿದ. ಅವಳು ನಿಂತಲ್ಲೇ ಎಳೆದಳು. ನಾಲಿಗೆ ಹೆಪ್ಪುಗಟ್ಟಿಸಿದ, ಎಳೆಯಲು ನಾಲಿಗೆ ಬೇಕಿರಲಿಲ್ಲ. ಕೊನೆಗೆ ಕೈ ಹೆಪ್ಪುಗಟ್ಟಿಸಿದ, ಹಿಡಿತ ಕಲ್ಲಾಯಿತು. ಇನ್ನು ಅವಳೇ ಬಯಸಿದರೂ ಬಿಡುವಂತಿರಲಿಲ್ಲ.

ಕೋಣ ಸುರಿಯಿತು, ಉಡ ಉಗುಳಿತು, ಕುದುರೆ ಊದಿತು. ಹಂಡೆ ಕುದಿಯಿತು. ಚಳಿಮಲ್ಲ ಕರಗಿ ಒಂದು ಕೊಡ ನೀರಾದ. ಕೋಣ ಅದನ್ನು ಕುಡಿದು ತೇಗಿತು. ದ್ಯಾಮವ್ವನ ಕೈಕಾಲು, ನಾಲಿಗೆ ಸಡಿಲವಾದವು. ಕಾಲುವೆಯಲ್ಲಿ ಆವಿ ಹರಿಯಿತು. ಸಂಕವ್ವನ ಮನೆಯಿಂದ ಮಗುವಿನ ಅಳು ಕೇಳಿತು.

ರಾಜ ಸಿಂಹಾಸನ ಮುಟ್ಟಿ ನೋಡಿದ. ಹಾಗೇ ಇತ್ತು. ಮೂರು ಚಾವಡಿಗಳನ್ನು ಒಂದು ಮಾಡಿ, ದ್ಯಾಮವ್ವನನ್ನು ಅದಕ್ಕೆ ಯಜಮಾನಿ ಮಾಡಿದ.

"ಯಾರ ಮುದ್ರೆ ಉಳಿಯುತ್ತೆ, ತಾಯಿ?" ಎಂದರು ಮೂವರು ಅಧಿಕಾರಿಗಳು.

"ಹಗ್ಗ ಹಿಡೀರಿ," ಎಂದಳು ಅವಳು.

ಹಿಡಿದರು. ಅಂದಿನಿಂದ ಗುರುವಾರದ ವರದಿ ನಿಂತಿತು. ಊರು ಬೆಚ್ಚಗಿತ್ತು, ಎಲ್ಲರೂ ಸುಖವಾಗಿದ್ದರು. ವರದಿ ಮಾಡಲು ಏನೂ ಉಳಿದಿರಲಿಲ್ಲ.