ಕೋಣೆಯ ನಡುವಿನ ಮಂಚಗಳು

"ಆ ಸುತ್ತಿಗೆ ಕೆಳಗಿಡಿ."

ನರ್ಸಿನ ದನಿ ಜೋರಾಗಿರಲಿಲ್ಲ. ಆದರೂ ಹೊಸಬನ ಕೈ ಗಾಳಿಯಲ್ಲೇ ನಿಂತಿತು. ವೃದ್ಧಾಶ್ರಮದ ಮೇಲ್ಮಹಡಿಯಲ್ಲಿ ಟೈಲರ್ ಅಜ್ಜಿಗೆ ಆಗಷ್ಟೇ ನಿದ್ದೆ ಹತ್ತಿತ್ತು. ಈ ಮಹಾಶಯ ನೋಡಿದರೆ ಗೋಡೆಗೆ ಟಕ್ ಟಕ್ ಎಂದು ಬಡಿಯುತ್ತಾ, ಕಿವಿಯಿಟ್ಟು ಕೇಳುತ್ತಾ ನಿಂತಿದ್ದ.

"ನಾನು ನಗರಸಭೆ ಇಂಜಿನಿಯರ್," ಅವನು ಪಿಸುಗುಟ್ಟಿದ. "ನೀವು ಮನುಷ್ಯರ ನಾಡಿ ನೋಡ್ತೀರಿ, ನಾನು ಗೋಡೆಗಳದ್ದು."

"ಪೇಷಂಟ್ ಮಲಗಿದ್ದಾಗ ನಾವು ಸುತ್ತಿಗೆ ತಗೊಂಡು ನಾಡಿ ನೋಡಲ್ಲ."

ಅವನು ನಕ್ಕ. ನರ್ಸ್ ನಗಲಿಲ್ಲ. ಹೊರಗೆ ಬಂದು, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ನಕ್ಕಳು. 'ಇವನ ಮೇಲೆ ಸಿಟ್ಟು ಮಾಡಿಕೊಳ್ಳೋದು ಕಷ್ಟ' ಅಂದುಕೊಂಡಳು. ಪಾಪ, ಮುಂದೆ ಅದೆಷ್ಟು ಸುಲಭವಾಗಲಿದೆ ಎಂದು ಅವಳಿಗೇನು ಗೊತ್ತಿತ್ತು!

ಗೋಡೆ ನೋಡುವ ಕೆಲಸ ಮುಗಿದ ಮೇಲೂ ಅವನು ಬರುವುದನ್ನು ನಿಲ್ಲಿಸಲಿಲ್ಲ. ಅಜ್ಜಿಯ ಸೂಜಿಗೆ ದಾರ ಪೋಣಿಸಿಕೊಟ್ಟ. ನಿವೃತ್ತ ಪೋಸ್ಟ್‌ಮನ್ ಅಂಚೆ ತಾತನ ರೇಡಿಯೊ ರಿಪೇರಿ ಮಾಡಲು ಹೋಗಿ ಪೂರ್ತಿ ಕೆಡಿಸಿ, ಹೊಸದು ತಂದುಕೊಟ್ಟ. ಹಿರಿಯರೆಲ್ಲ ಒಬ್ಬರಿಗೊಬ್ಬರು ಕಣ್ಸನ್ನೆ ಮಾಡಿಕೊಳ್ಳತೊಡಗಿದರು. ನರ್ಸ್ ಕೆಂಪಾಗುತ್ತಿದ್ದಳು. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡವಳಿಗೆ ಇವರೇ ಬಂಧು, ಇವರೇ ಬಳಗ.

ಒಂದು ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಕೂತಾಗ ಅವಳು ಮನಸ್ಸು ಬಿಚ್ಚಿದಳು.

"ಮೇಲಿನ ಕೋಣೆಗಳಲ್ಲಿ ಮಂಚ ಎಲ್ಲಾ ನಡುಮಧ್ಯ ಯಾಕಿದೆ ಗೊತ್ತಾ? ಗೋಡೆ ಪಕ್ಕ ಚಾವಣಿ ಉದುರುತ್ತೆ. ಅದಕ್ಕೇ ನಾವೇ ಎಳೆದು ನಡುವೆ ಹಾಕಿದೀವಿ. ಆದ್ರೂ ಹೋದ ತಿಂಗಳು ಟೈಲರ್ ಅಜ್ಜಿ ದಿಂಬಿನ ಪಕ್ಕಾನೇ ಗಾರೆ ಬಿತ್ತು. ಯಾರಿಗೂ ಗೊತ್ತಾಗದ ಹಾಗೆ ಗುಡಿಸಿಬಿಟ್ಟೆ... ಗೊತ್ತಾದ್ರೆ ಆಶ್ರಮ ಮುಚ್ಚಿಸ್ತಾರೆ. ನೀನು ಯಾರಿಗೂ ಹೇಳಬಾರದು."

ಅವನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅದೇ ಅವನು ಕೊಟ್ಟ ಮಾತು ಎಂದು ಅವಳು ತಿಳಿದಳು.

ನಗರಸಭೆಯ ಸಭೆ ಸೇರಿದ ದಿನ ನರ್ಸ್ ಧೈರ್ಯವಾಗಿಯೇ ಮುಂದಿನ ಸಾಲಿನಲ್ಲಿ ಕೂತಿದ್ದಳು. ವೃದ್ಧಾಶ್ರಮವನ್ನು ರಿಪೇರಿ ಮಾಡುವುದೋ ಮುಚ್ಚುವುದೋ ಎಂಬುದೇ ಅಂದಿನ ಚರ್ಚೆ. ಮುಚ್ಚಿದರೆ ಹಿರಿಯರನ್ನು ಜಾಗ ಸಿಕ್ಕ ಕಡೆಗೆಲ್ಲ ಹಂಚಿಬಿಡುತ್ತಾರೆ. ಅಜ್ಜಿ ಒಂದು ಕಡೆ, ತಾತ ಇನ್ನೊಂದು ಕಡೆ. ಆದರೆ ಇಂಜಿನಿಯರ್ ನಮ್ಮವನು, ಭಯವಿಲ್ಲ ಎಂದು ಅವಳ ನಂಬಿಕೆ.

ಅವನು ಎದ್ದು ನಿಂತ. ಅವಳ ಕಡೆ ನೋಡಲಿಲ್ಲ.

"ಆ ಕಟ್ಟಡ ರಿಪೇರಿಯ ಹಂತ ದಾಟಿದೆ. ಮುಚ್ಚಲೇಬೇಕು."

"ಬಿರುಕು ಯಾವ ಕಟ್ಟಡದಲ್ಲಿಲ್ಲ ಹೇಳಿ?" ಒಬ್ಬ ಸದಸ್ಯರು ಆಕಳಿಸಿದರು.

ಅವನು ಕೈಯಲ್ಲಿದ್ದ ವರದಿ ಮಡಚಿಟ್ಟ. "ಅಲ್ಲಿನವರು ಗೋಡೆ ಪಕ್ಕ ಮಂಚ ಹಾಕೋಕೇ ಹೆದರ್ತಾರೆ. ಹೋದ ತಿಂಗಳು ಒಬ್ಬ ಅಜ್ಜಿಯ ದಿಂಬಿನ ಪಕ್ಕ ಗಾರೆ ಬಿದ್ದಿದೆ."

ಅವಳ ಕಾಲ ಕೆಳಗಿನ ನೆಲವೇ ಕುಸಿಯಿತು. ನನ್ನ ಮಾತು! ಮೆಟ್ಟಿಲ ಮೇಲೆ ಅವನೊಬ್ಬನಿಗೇ ಹೇಳಿದ ಮಾತು!

"ಹೌದಾ ನರ್ಸಮ್ಮ?" ಅಧ್ಯಕ್ಷೆ ಕೇಳಿದರು.

ಅವಳು ಎದ್ದಳು. "ಸುಳ್ಳು, ಮೇಡಂ. ಗುಡಿಸೋಕೆ ಸಲೀಸು ಅಂತ ಮಂಚ ನಡುವೆ ಹಾಕಿದೀವಿ. ಯಾವ ಗಾರೆನೂ ಬಿದ್ದಿಲ್ಲ."

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಇಂಜಿನಿಯರ್ ಸಾಹೇಬರು ಕಥೆ ಚೆನ್ನಾಗಿ ಕಟ್ತಾರೆ," ಎಂದರು ಇನ್ನೊಬ್ಬರು. ಅವನು ತಲೆ ತಗ್ಗಿಸಿ ಕೂತ. ಅವಳನ್ನು ಎದುರು ಹಾಕಿಕೊಳ್ಳುವ ಒಂದು ಮಾತನ್ನೂ ಆಡಲಿಲ್ಲ. ತೀರ್ಮಾನ ಮುಂದಿನ ವಾರಕ್ಕೆ ಹೋಯಿತು.

ಹೊರಗಿನ ಮೆಟ್ಟಿಲ ಬಳಿ ಅವಳು ಅವನನ್ನು ತಡೆದಳು.

"ನನ್ನ ಕೈ ಹಿಡಿದದ್ದು ಇದಕ್ಕಾ? ನನ್ನ ಬಾಯಿ ಬಿಡಿಸೋಕಾ?"

"ಅಲ್ಲ. ಅವರ ತಲೆ ಮೇಲೆ ಬಿದ್ದರೆ..."

"ಮೊದಲು ನನಗೆ ಹೇಳಬೇಕು ಅನ್ನಿಸಲಿಲ್ವಾ ನಿನಗೆ?"

ಅವನು ಒಂದು ಮೆಟ್ಟಿಲು ಹಿಂದೆ ಸರಿದ.

"ಇನ್ನು ನಿನ್ನ ಮುಖ ತೋರಿಸಬೇಡ."

ಮುಖ ತೋರಿಸದಿರುವುದರಲ್ಲಿ ಅವನು ಬಲು ನಿಯತ್ತಿನವನು. ಬರಲೇ ಇಲ್ಲ. ಅವಳು ಮಾತ್ರೆ ಕೊಡುವಾಗಲೂ ಬೆಡ್‌ಶೀಟ್ ಮಡಿಸುವಾಗಲೂ ಹಲ್ಲು ಕಚ್ಚಿಕೊಂಡೇ ಇದ್ದಳು. ಬೇರೆ ಯಾರಾದರೂ ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಈ ಹಿರಿಯರನ್ನು ಬಿಟ್ಟರೆ ಅವಳು ನಂಬಿದ್ದೇ ಒಬ್ಬನನ್ನು... ಅವನೇ ಬೆನ್ನಿಗೆ ಚೂರಿ ಹಾಕಿದ್ದ.

ಒಂದು ಮಧ್ಯಾಹ್ನ ಅವಳು ಟೈಲರ್ ಅಜ್ಜಿಯ ತಲೆ ಬಾಚುತ್ತಿದ್ದಳು.

"ಆ ಹುಡುಗ ಬರ್ತಾನೇ ಇಲ್ಲ," ಎಂದರು ಅಜ್ಜಿ.

"ನಂಬಿಕೆದ್ರೋಹಿ ಅಜ್ಜಿ ಅವನು. ಸಭೇಲಿ ಎಲ್ಲಾ ಹೇಳಿಬಿಟ್ಟ. ಅದೆಲ್ಲಾ ಸುಳ್ಳು ಅಂತ ಹೇಳಿ ನಾನು ಆಶ್ರಮ ಉಳಿಸಿದೀನಿ."

ಅಜ್ಜಿ ತಲೆಯೆತ್ತಿ ಚಾವಣಿ ನೋಡಿದರು.

"ಆವತ್ತು ಗಾರೆ ಬಿದ್ದಾಗ ನನಗೆ ಎಚ್ಚರ ಇತ್ತು ಮಗಳೇ. ನೀನು ಸದ್ದು ಮಾಡದೆ ಗುಡಿಸ್ತಿದ್ದೆ. ಪಾಪ, ಮಗು ನೊಂದುಕೊಳ್ಳುತ್ತೆ ಅಂತ ನಾನೂ ಕಣ್ಮುಚ್ಚಿಕೊಂಡೇ ಇದ್ದೆ."

ಬಾಚಣಿಗೆ ನಿಂತಿತು.

"ಭಯ ಆಗಲಿಲ್ವಾ ಅಜ್ಜಿ?"

"ಈಗಲೂ ಆಗುತ್ತೆ. ಮಲಗಿದ್ರೆ ಚಾವಣಿ ನೋಡ್ತಾನೇ ಇರ್ತೀನಿ. ತಾತನೂ ಅಷ್ಟೆ. ನಾವೆಲ್ಲ ಮಾತಾಡ್ಕೊಳ್ತೀವಿ, ನಿನ್ನ ಮುಂದೆ ಆಡಲ್ಲ. ಈ ಮನೆ ಮುಚ್ಚಿಹೋದ್ರೆ ನಿನಗ್ಯಾರಿದಾರೆ ಅಂತ..."

 ಇವರನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದವಳು ಅವಳು. ಅವಳಿಗೋಸ್ಕರ ಈ ಹಿರಿಯ ಜೀವಗಳು ಜೀವ ಕೈಯಲ್ಲಿ ಹಿಡಿದು ಮಲಗುತ್ತಿದ್ದವು. ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅವಳು ಮನಸಾರೆ ಅತ್ತಳು.

ಮುಂದಿನ ವಾರದ ಸಭೆಯಲ್ಲಿ ಅಧ್ಯಕ್ಷೆ ಬಾಯಿ ತೆರೆಯುವ ಮೊದಲೇ ಅವಳು ಎದ್ದು ನಿಂತಳು. ಕೊನೆಯ ಸಾಲಿನಲ್ಲಿ ಇಂಜಿನಿಯರ್ ಒಬ್ಬನೇ ಕೂತಿದ್ದ.

"ಹೋದ ವಾರ ಸುಳ್ಳು ಹೇಳಿದ್ದು ನಾನು. ಅವರು ಹೇಳಿದ್ದು ಪ್ರತಿ ಅಕ್ಷರ ನಿಜ. ಗಾರೆ ಬಿತ್ತು, ನಾನೇ ಗುಡಿಸಿ ಮುಚ್ಚಿಟ್ಟೆ. ಆ ಮನೆ ಮುಚ್ಚಿ. ಆದ್ರೆ ಅವರನ್ನ ಬೇರೆ ಬೇರೆ ಮಾಡಬೇಡಿ. ಎಲ್ಲರನ್ನೂ ಒಂದೇ ಕಡೆ ಇರಿಸಿ."

"ಪರಿಶೀಲಿಸೋಣ. ಕೂತ್ಕೊಳ್ಳಮ್ಮ," ಎಂದರು ಅಧ್ಯಕ್ಷೆ.

"ತೀರ್ಮಾನ ಆಗೋ ತನಕ ಕೂರಲ್ಲ, ಮೇಡಂ."

ಕೂರಲೂ ಇಲ್ಲ. ಸದಸ್ಯರು ಗುಸುಗುಸು ಮಾಡಿದರು, ಗೊಣಗಿದರು, ಗಡಿಯಾರ ನೋಡಿದರು. ಕೊನೆಗೆ ನಗರಸಭೆಯ ಖಾಲಿ ಬಿದ್ದಿದ್ದ ಹಾಸ್ಟೆಲ್ಲಿನ ನೆಲಮಹಡಿಯನ್ನು ಹಿರಿಯರೆಲ್ಲರಿಗೂ ಬಿಟ್ಟುಕೊಡುವುದೆಂದು ಠರಾವಾಯಿತು. ಆಮೇಲೆಯೇ ಅವಳು ಕುರ್ಚಿ ಹಿಡಿದು ಕೂತಳು.

ಹೊರಗಿನ ಮೆಟ್ಟಿಲ ಬಳಿ ಈ ಸಲ ಅವನು ಕಾಯುತ್ತಿದ್ದ.

"ಎಲ್ಲರ ಮುಂದೆ ನಿನ್ನನ್ನ ಸುಳ್ಳ ಅನ್ನಿಸಿಬಿಟ್ಟೆ," ಎಂದಳು ಅವಳು. "ಯಾಕೆ ಸುಮ್ಮನಿದ್ದೆ?"

"ನಿನ್ನ ಮಾತನ್ನ ನಿನ್ನ ಕೇಳದೆ ಆಡಿದ್ದೆ. ಅದರ ಮೇಲೆ ನಿನ್ನನ್ನ ಸುಳ್ಳಿ ಅನ್ನೋಕೆ ನಾಲಿಗೆ ಏಳಲಿಲ್ಲ." ಅವನು ಅವಳನ್ನು ನೇರವಾಗಿ ನೋಡಿದ. "ಮೊದಲೇ ಹೇಳಿದ್ರೆ ನೀನು ದೂರ ಆಗ್ತೀಯ ಅಂತ ಹೆದರಿದೆ. ಅದು ತಪ್ಪು. ಮುಚ್ಚಬೇಕು ಅಂದಿದ್ದು ತಪ್ಪಲ್ಲ."

"ಗೊತ್ತು." ಅವಳು ಕಣ್ಣೊರೆಸಿಕೊಂಡಳು. "ಆದ್ರೂ ನೋವು ಇನ್ನೂ ಇದೆ."

"ಇರಲಿ. ಅದು ಹೋಗೋವರೆಗೂ ಕಾಯ್ತೀನಿ."

"ಇನ್ಮೇಲೆ ಎಂಥ ಕೆಟ್ಟ ಸುದ್ದಿ ಇದ್ರೂ ನನಗೆ ಮೊದಲು ಹೇಳಬೇಕು. ಸಭೇಲಲ್ಲ, ಮನೇಲಿ."

ಅವನು ತಬ್ಬಿಬ್ಬಾದ. "ಯಾರ ಮನೇಲಿ?"

ಅವಳು ಒಂದು ಮೆಟ್ಟಿಲು ಇಳಿದು ಅವನ ಕೈ ಹಿಡಿದಳು.

"ನಮ್ಮನೇಲಿ."