ಕರಿಯವ್ವಜ್ಜಿಯ ಬುತ್ತಿ

“ಬಾರವಾ ಕರಿಯವ್ವಾ, ಕುಂದ್ರು. ಚಾ ಒಲಿ ಮ್ಯಾಲೇ ಐತಿ!”

ತಾಜಬೀ ಮಾತು ಮುಗಿಸುವುದರೊಳಗೆ ಕರಿಯವ್ವಜ್ಜಿ ಕಟ್ಟೆಯ ಮೇಲೆ ಕುಳಿತಾಗಿತ್ತು. ಹೇಮಾ ಅಜ್ಜಿಯ ಸೆರಗು ಹಿಡಿದು ಜಗ್ಗಿದಳು.

“ಅಜ್ಜೀ, ಏಳು! ನಾವು ವಾಕಿಂಗ್ ಬಂದೀವಿ.”

“ಕರದಾಗ ಕುಂದರಲಿಲ್ಲಂದ್ರ ಏನು ತಿಳ್ಕೋತಾರ? ಒಂದ್ ಗುಟುಕು ಕುಡದು ಹೋಗೂಣು.”

“ಹಿಂದಿನ ಮನ್ಯಾಗೂ ಹಿಂಗ ಅಂದಿ. ಅದರ ಹಿಂದಿನ ಮನ್ಯಾಗೂ ಹಿಂಗ ಅಂದಿ!”

ತಾಜಬೀ ನಗುತ್ತ ಹಬೆಯಾಡುವ ಕಪ್ಪು ತಂದಳು. ಗಂಗಾವತಿಯ ಆ ಓಣಿಯಲ್ಲಿ ಬಾಗಿಲ ಮುಂದೆ ಹಾದವರನ್ನು ಹಾಗೇ ಬಿಡುವ ಪದ್ಧತಿಯೇ ಇಲ್ಲ. ಚಹಾಕ್ಕೆ ಸಕ್ಕರೆಯನ್ನೂ ಕೈಬಿಚ್ಚಿ ಹಾಕುತ್ತಾರೆ.

ಮನೆಗೆ ಬಂದಾಗ ಅವ್ವ ಸುರೇಖಾ ಕೇಳಿದಳು, “ಎಲ್ಲಿತನಕ ನಡದ್ರಿ?”

“ತಾಜಬೀ ಮನಿತನಕ.”

“ಅದು ಇಲ್ಲೇ ನಳದ ಹತ್ರ ಐತೆಲ್ಲ! ಇಷ್ಟೊತ್ತು ಏನ್ ಮಾಡಿದ್ರಿ?”

“ಕುಂತಿದ್ವಿ,” ಎಂದಳು ಹೇಮಾ. ಅಳು ಬಂದಂತಾಯಿತು.

ತನ್ನ ಹಳ್ಳಿ ಇರಕಲ್ಲಗಡದಲ್ಲಿದ್ದಾಗ ಅಜ್ಜಿ ಇಡೀ ದಿನ ಹೊಲದಲ್ಲಿರುತ್ತಿದ್ದಳು. ಕಳೆ ಕೀಳುವುದರಲ್ಲಿ ಅವಳ ಸಾಲು ಯಾವಾಗಲೂ ಮುಂದು. ಮಗನ ಮನೆಗೆ ಬಂದ ಮೇಲೆ ಅವ್ವ ಅವಳ ಕೈಯಿಂದ ಕಸಬರಿಗೆ ಕಸಿದುಕೊಂಡಳು, ಕೊಡ ಕಸಿದುಕೊಂಡಳು. “ನೀವು ಕುಂದರ್ರಿ ಅತ್ತಿ. ಇಷ್ಟು ವರ್ಷ ದುಡದದ್ದು ಸಾಕು,” ಎಂದಳು. ಅಜ್ಜಿ ಟಿವಿ ಮುಂದೆ ಕುಳಿತಳು. ಕುಳಿತು ಕುಳಿತು ಕಾಲು ಬಾತವು. ಏಳಬೇಕೆಂದರೆ ಗೋಡೆ ಹಿಡಿಯಬೇಕಾಯಿತು. ಮೇಲೆ ಶುಗರ್ ಬೇರೆ ಬಂತು.

ಡಾಕ್ಟರಮ್ಮ ನೇರವಾಗಿ ಹೇಳಿದ್ದರು. “ಮೊದ್ಲು ಈ ಜಡ್ಡು ದೊಡ್ಡ ಊರಿನ ಮಂದಿಗೆ ಬರ್ತೈತಿ ಅಂತಿದ್ವಿ. ಈಗ ನೋಡ್ರಿ, ನಮ್ಮ ಸುತ್ತಲ ಹಳ್ಳಿಯವ್ರೂ ಸಾಲು ಹಚ್ಚ್ಯಾರ. ಮಂದಿ ನಡಿಯೋದನ್ನ ಬಿಟ್ಟಾರ. ಗುಳಿಗಿ ನುಂಗ್ರಿ, ದಿನಾ ನಡೀರಿ. ಮುಂದಿನ ಸಲ ಬರೋದ್ರಾಗ ಶುಗರ್ ಇಳಿಲಿಲ್ಲಂದ್ರ ದಿನಾ ಇನ್ಸುಲಿನ್ ಸೂಜಿ ಮಾಡ್ಕೋಬೇಕಾಗ್ತೈತಿ.”

ಹಾವು ಕಂಡರೆ ಕುಡುಗೋಲು ಹಿಡಿದು ನಿಲ್ಲುವ ಅಜ್ಜಿ ಸೂಜಿ ಎಂದೊಡನೆ ಕಣ್ಣು ಮುಚ್ಚಿಕೊಂಡಳು. “ನಾ ನಡಸ್ತೀನಿ ಬಿಡ್ರಿ,” ಎಂದು ಹೇಮಾ ಅಲ್ಲಿಯೇ ಮಾತು ಕೊಟ್ಟುಬಿಟ್ಟಿದ್ದಳು.

ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದ ಮರುದಿನ ಹೇಮಾ ಮುಂಚೆಯೇ ಓಡಿಹೋಗಿ ತಾಜಬೀಗೆ ಹೇಳಿದಳು, “ನಮ್ಮಜ್ಜಿನ್ನ ಕುಂದ್ರಸಬ್ಯಾಡ್ರಿ, ಕೈ ಮುಗೀತೀನಿ.”

“ಆತು, ಕುಂದ್ರಸೂದಿಲ್ಲ.”

ತಾಜಬೀ ಮಾತಿಗೆ ತಪ್ಪಲಿಲ್ಲ. ಚಹಾವನ್ನು ನಿಲ್ಲಿಸಿಯೇ ಕುಡಿಸಿದಳು.

ಆ ವಾರ ಭತ್ತದ ಸುಗ್ಗಿ ಜೋರಾಯಿತು. ಹೇಮಾಳ ಅಪ್ಪ ಯಮನೂರನು ರೈಸ್‌ಮಿಲ್ಲಿನಲ್ಲಿ ಚೀಲ ಹೊರುವ ಹಮಾಲ. ಒಂದು ಸಂಜೆ ಫೋನ್ ಮಾಡಿದ. “ಭತ್ತದ ಲಾರಿ ಸಾಲಾಗಿ ನಿಂತಾವ. ಮನಿಗೆ ಬರೋದು ಭಾಳ ಲೇಟ್ ಆಗ್ತೈತಿ. ಹೊಟ್ಟಿ ಹಸದೈತಿ.”

“ನಾ ಸೈಕಲ್ ಮ್ಯಾಲೆ ಬುತ್ತಿ ಕೊಟ್ಟು ಬರ್ತೀನಿ,” ಎಂದಳು ಹೇಮಾ.

ಟಿವಿ ಮುಂದಿದ್ದ ಅಜ್ಜಿ ತಿರುಗಿ ನೋಡಿದಳು. “ಸೈಕಲ್ ಮ್ಯಾಲೆ ಪಲ್ಯ ಚಲ್ಲಿ ರೊಟ್ಟಿ ಎಲ್ಲಾ ಹಸಿ ಆಗ್ತಾವ. ಕೊಡಿಲ್ಲೆ.”

ಗೋಡೆ ಹಿಡಿದು ಎದ್ದಳು. ರೊಟ್ಟಿ, ಪಲ್ಯ, ಮೊಸರಿನ ಡಬ್ಬಿ ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಬಿಳಿ ಅರಿವೆಯಿಂದ ಕಟ್ಟಿದಳು. ಸೆರಗನ್ನು ಸಿಂಬೆ ಸುತ್ತಿ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಟೇಬಿಟ್ಟಳು. ಹೇಮಾ ಹಿಂದೆ ಓಡಿದಳು.

ತಾಜಬೀ ಮನೆ ಬಂತು. ಹೇಮಾ ಅಜ್ಜಿಯ ಕೈ ಗಟ್ಟಿಯಾಗಿ ಹಿಡಿದಳು.

“ಬಾರವಾ ಕರಿ...” ಎಂದ ತಾಜಬೀ ಬುಟ್ಟಿ ನೋಡಿ ಅಲ್ಲಿಗೇ ನಿಂತಳು. “ಯಮನೂರಗ ಬುತ್ತೇನು? ಹೋಗ್ ಹೋಗ್, ಲಗೂನ ಹೋಗ್!” ದಾರಿಗೆ ಅಡ್ಡ ನಿಂತಿದ್ದ ತನ್ನ ಆಡನ್ನೂ ಅತ್ತ ಸರಿಸಿದಳು.

ಮುಂದಿನ ಮನೆಯವರೂ ಕರೆಯಲಿಲ್ಲ. ಹೋಟೆಲಿನ ವೆಂಕೋಬ ಕೂಡ ಕೈಯೆತ್ತಿ, “ನಡೀ ಯವ್ವಾ,” ಎಂದು ದಾರಿ ಬಿಟ್ಟ.

ಹೇಮಾಗೆ ಸೋಜಿಗವಾಯಿತು. “ಅಜ್ಜೀ, ಇವತ್ತ್ಯಾಕ ಯಾರೂ ಕುಂದ್ರು ಅನ್ನವಲ್ರು?”

“ಬುತ್ತಿ ಹೊತ್ತಾಕಿನ್ನ ಯಾರರ ತರಬಿ ನಿಲ್ಲಸ್ತಾರೇನ ಹುಚ್ಚಿ? ಆ ಕಡಿ ಒಬ್ಬಾಂವ ಹಸದು ಕುಂತಿರ್ತಾನ.”

ಕಾಲುವೆಯ ಸೇತುವೆಯ ಮೇಲೆ ಅಜ್ಜಿ ಏದುಸಿರು ಬಿಡುತ್ತ ನಿಂತಳು. ಆದರೂ ಮಿಲ್ಲು ಮುಟ್ಟಿದಳು. ಅಪ್ಪ ಹೊಟ್ಟು ಮೆತ್ತಿದ ಮುಖದಲ್ಲೇ ನಕ್ಕು, “ಯವ್ವಾ, ನೀ ಬಂದ್ಯಾ!” ಎಂದ. ರೊಟ್ಟಿ ಇನ್ನೂ ಬೆಚ್ಚಗಿದ್ದವು.

ಮರುದಿನ ಅವ್ವ ಬುಟ್ಟಿ ಕೊಡಲಿಲ್ಲ. “ಬ್ಯಾಡ್ರಿ ಅತ್ತಿ. ಸೊಸಿ ಮನ್ಯಾಗ ಕುಂತು ಅತ್ತಿ ಕಡೆ ಬುತ್ತಿ ಹೊರಸ್ತಾಳ ಅಂತ ಮಂದಿ ಆಡ್ಕೋತಾರ.”

“ಅಜ್ಜಿಗೆ ದಿನಾ ಸೂಜಿ ಚುಚ್ಚಿದ್ರ ಮಂದಿ ಬಂದು ನೋವು ತಿಂತಾರೇನಬೇ?” ಎಂದಳು ಹೇಮಾ.

ಅವ್ವ ಮಗಳನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಆಮೇಲೆ ರೊಟ್ಟಿಯ ಮೇಲೆ ಇನ್ನೊಂದು ರೊಟ್ಟಿ ಇಟ್ಟು ಅರಿವೆ ಕಟ್ಟಿದಳು.

ಸುಗ್ಗಿ ಮುಂದುವರಿಯಿತು, ದಿನಾ ಬುತ್ತಿಯೂ ನಡೆಯಿತು. ಬರಬರುತ್ತ ಸೇತುವೆಯ ಮೇಲೆ ನಿಲ್ಲುವುದು ತಪ್ಪಿತು. ಆಮೇಲೆ ಗೋಡೆ ಹಿಡಿಯುವುದೂ ತಪ್ಪಿತು. ಉಳಿದ ಹಮಾಲರು ದೂರದಿಂದಲೇ, “ಯಮನೂರಾ, ನಿಮ್ಮವ್ವ ಬಂದ್ಲು! ನಮಗೂ ಒಂದು ರೊಟ್ಟಿ!” ಎಂದು ಕೂಗತೊಡಗಿದರು.

ಸುಗ್ಗಿ ಮುಗಿಯುವ ಮೊದಲೇ ಆಸ್ಪತ್ರೆಯ ದಿನ ಬಂತು. ಡಾಕ್ಟರಮ್ಮ ರಿಪೋರ್ಟ್ ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು. ಅಜ್ಜಿ ಕಣ್ಣು ಮುಚ್ಚಿಕೊಂಡೇ ಇದ್ದಳು.

“ಕಣ್ಣು ತಗೀಯವಾ. ಶುಗರ್ ಛಲೋ ಇಳದೈತಿ. ಸೂಜಿ ಬ್ಯಾಡ. ಗುಳಿಗಿ ಮಾತ್ರ ಬಿಡಬ್ಯಾಡ.”

“ಹೋಯ್!” ಎಂದು ಹೇಮಾ ಕುಣಿದಳು. ಸಾಲಿನಲ್ಲಿದ್ದವರೆಲ್ಲ ಹೊರಳಿ ನೋಡಿದರು.

“ದಿನಾ ಎಷ್ಟು ವಾಕಿಂಗ್ ಮಾಡ್ತೀಯವಾ?” ಡಾಕ್ಟರಮ್ಮ ಕೇಳಿದರು.

“ನನಗೆಲ್ಲಿ ವಾಕಿಂಗ್ ಬರ್ತೈತ್ರಿ? ನಾ ಮಗಗ ಬುತ್ತಿ ಒಯ್ತೀನಿ.”

ಹೊರಗೆ ಬರುವಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ಅವ್ವ ಆಟೋ ನಿಲ್ಲಿಸಿ ತಿರುಗಿ ನೋಡಿದರೆ ಅಜ್ಜಿ ಆಗಲೇ ಗೇಟು ದಾಟಿದ್ದಳು.

“ಅತ್ತೀ, ಆಟೋ ಬಂದೈತ್ರಿ!”

“ನೀವು ಬರ್ರಿ! ನನಗ ಬುತ್ತಿಗೆ ತಡಾ ಆಗೈತಿ!”

ಹೇಮಾ ಆಟೋದ ಕಂಬಿ ಹಿಡಿದು ನಿಂತು, ಬಿರಬಿರನೆ ಹೋಗುತ್ತಿದ್ದ ಆ ಪುಟ್ಟ ಬೆನ್ನನ್ನೇ ನೋಡಿದಳು. ಟಿವಿ ಮುಂದೆ ಕುಳಿತಿದ್ದ ದಿನಗಳಲ್ಲಿ ಅಜ್ಜಿಗೆ ಎಂದೂ, ಎಲ್ಲಿಗೂ ತಡವಾಗಿರಲಿಲ್ಲ. ತಡವಾಗಬೇಕೆಂದರೆ ಯಾರಾದರೂ ಕಾಯುತ್ತಿರಬೇಕಲ್ಲ.

“ಅಜ್ಜೀ, ತಡಿ!” ಎನ್ನುತ್ತ ಅವಳು ಹಿಂದೆ ಓಡಿದಳು.

ಅಜ್ಜಿ ನಿಲ್ಲಲಿಲ್ಲ.