ಗೇಟಿಗೆ ಇಪ್ಪತ್ತೆರಡು ಹೆಜ್ಜೆ

"ಕಾಲು ತೆಗೀರಿ! ನನ್ನ ಉಸಿರಿನ ಮೇಲೆ ನಿಂತಿದ್ದೀರಿ!"

ಆಕ್ಸಿಜನ್ ಮೆಷಿನ್ ಸರ್ವಿಸ್‌ಗೆ ಬಂದವನು ಬೆಚ್ಚಿ ಹಿಂದೆ ಸರಿದ. ಅವನ ಕಾಲಡಿ ಅವಳ ಟ್ಯೂಬ್ ಇತ್ತು. ಹದಿನೈದು ಮೀಟರ್ ಉದ್ದದ್ದು. ಮಂಚದ ಕಾಲಿಗೆ, ಹೊಲಿಗೆ ಮೆಷಿನ್ನಿನ ಪೆಡಲಿಗೆ ಸುತ್ತಿಕೊಂಡು, ಅವಳ ಕಿವಿಗಳ ಹಿಂದೆ ಹಾದು ಮೂಗಿಗೆ ಬಂದು ಸೇರುತ್ತಿತ್ತು.

"ಸಾರಿ... ನೋಡಲಿಲ್ಲ."

"ಯಾರೂ ನೋಡಲ್ಲ ಬಿಡಿ. ನಮ್ಮ ಸೋದರತ್ತೆ ಇದಕ್ಕೇ ಎಡವಿ ಕೈ ಮುರ್ಕೊಂಡ್ರು. ನಾನು ಗೇಟು ಮುಟ್ಟಿ ನಾಲ್ಕು ವರ್ಷ ಆಯ್ತು. ಬಾಗಿಲು ದಾಟೋಷ್ಟ್ರಲ್ಲಿ ಟ್ಯೂಬ್ ಎಲ್ಲಾದ್ರೂ ಸಿಕ್ಕಿಕೊಳ್ಳುತ್ತೆ."

ಅವನು ಗೇಟಿನತ್ತ ನೋಡಿದ. ಇಪ್ಪತ್ತೆರಡು ಹೆಜ್ಜೆ ಇದ್ದೀತು, ಅಷ್ಟೇ.

ಅಂದಿನಿಂದ ಪ್ರತಿ ಗುರುವಾರ ಬಂದು ಟ್ಯೂಬಿನ, ಅವಳ ಹೆಜ್ಜೆಗಳ ಅಳತೆ ತೆಗೆದ. ನಾಲ್ಕನೇ ವಾರ ಒಂದು ಪೆಟ್ಟಿಗೆ ತಂದು ಗೋಡೆಗೆ ಜೋಡಿಸಿದ. ಒಳಗಿನ ಸ್ಪ್ರಿಂಗ್ ಮಿಕ್ಕ ಟ್ಯೂಬನ್ನು ತಾನೇ ಸುತ್ತಿಕೊಂಡಿತು. ನೆಲವೆಲ್ಲ ಖಾಲಿ! ಸೋದರತ್ತೆಗೆ ಖುಷಿಯೋ ಖುಷಿ.

ಅವಳು ಮಾತ್ರ ಎರಡೇ ಹೆಜ್ಜೆಗೆ ನಿಂತಳು. "ಎಳೀತಿದೆ... ಗೂಟಕ್ಕೆ ಕಟ್ಟಿದ ಹಾಗೆ."

ಅವನು ಡೈರಿಯಲ್ಲಿ ಬರೆದು, ಅದನ್ನು ಅಲ್ಲೇ ಬಿಟ್ಟು ಕೈ ತೊಳೆಯಲು ಹೋದ. ಅವಳು ಓದಿಬಿಟ್ಟಳು.

'ರೋಗಿ, ಹೆಣ್ಣು, ಮೂವತ್ತೊಂದು. ಹದಿನೆಂಟು ಹೆಜ್ಜೆಗೆ ಏದುಸಿರು. ವಾಸಿಯಾಗುವಂಥದ್ದಲ್ಲ.'

ಗುರುವಾರ ಬಂತೆಂದರೆ ಎರಡೆರಡು ಸಲ ತಲೆ ಬಾಚಿಕೊಂಡು ಕೂರುತ್ತಿದ್ದಳು ನೋಡಿ, ಪೆದ್ದಿ!

"ನಾನು ನಿಮ್ಮ ಪ್ರಯೋಗಕ್ಕೆ ಸಿಕ್ಕ ರೋಗಿ, ಅಷ್ಟೇ ತಾನೆ? ಇನ್ಮೇಲೆ ಬರ್ಬೇಡಿ!"

ಆ ಪುಣ್ಯಾತ್ಮ ಪೆಟ್ಟಿಗೆ ಬಿಚ್ಚಿಕೊಂಡು ತಲೆ ತಗ್ಗಿಸಿ ಹೊರಟೇಹೋದ.

ಎರಡು ಗುರುವಾರ ಕಳೆದವು. ಟ್ಯೂಬ್ ಮತ್ತೆ ನೆಲಕ್ಕೆ ಬಿತ್ತು. ಅತ್ತರೆ ಮೂಗು ಕಟ್ಟುತ್ತದೆ, ಮೂಗು ಕಟ್ಟಿದರೆ ಉಸಿರಿಲ್ಲ. ಪಾಪ, ಅವಳಿಗೆ ಮನಸ್ಸು ಬಿಚ್ಚಿ ಅಳುವ ಹಾಗೂ ಇರಲಿಲ್ಲ.

ಮೂರನೇ ಗುರುವಾರ ಬಾಗಿಲಲ್ಲಿ ಅವನೇ, ಕೈಯಲ್ಲಿ ಅದೇ ಪೆಟ್ಟಿಗೆ! "ಬೈಯೋದಿದ್ರೆ ಆಮೇಲೆ ಬೈಯಿರಿ. ಇದು ಎಳೆಯಲ್ಲ. ನೀವು ಎರಡು ಸಲ ಜಗ್ಗಿದ್ರೆ ಮಾತ್ರ ಸುತ್ತಿಕೊಳ್ಳುತ್ತೆ."

ಸ್ಕ್ರೂ ಬಿಗಿಯಲು ಬಗ್ಗಿದ. ಅವನ ಎರಡೂ ಕಿವಿಗಳ ಹಿಂದೆ ಕೆಂಪು ಗೆರೆ, ಚರ್ಮ ಕಿತ್ತುಬಂದಿತ್ತು. ಆ ಗಾಯ ಅವಳಿಗೆ ಚೆನ್ನಾಗಿ ಗೊತ್ತು. ನಾಲ್ಕು ವರ್ಷದಿಂದ ಅವಳ ಕಿವಿಗಳ ಹಿಂದೆಯೂ ಇದೆ.

"ನೀವು... ಟ್ಯೂಬ್ ಹಾಕ್ಕೊಂಡಿದ್ರಾ?"

"ಖಾಲಿ ಟ್ಯೂಬು. ಎರಡು ವಾರ. ಎಲ್ಲಿ ಎಳೆಯುತ್ತೆ, ಎಲ್ಲಿ ಉರಿಯುತ್ತೆ ಅಂತ ನಂಗೂ ಗೊತ್ತಾಗ್ಬೇಕಿತ್ತು." ತಡವರಿಸಿದ. "ಆ ಡೈರಿ ನಮ್ಮ ಯಜಮಾನರಿಗೆ ತೋರಿಸೋದು. ಅದ್ರಲ್ಲಿ ಇನ್ನೇನು ಬರೀಲಿ? ಗುರುವಾರ ಬರೋವರೆಗೆ ನಿದ್ದೆ ಹತ್ತಲ್ಲ ಅಂತಾನಾ?"

"ಡಾಕ್ಟರ್ ಎರಡು ವರ್ಷ ಅಂದಿದ್ದಾರೆ. ಹೆಚ್ಚಂದ್ರೆ ಮೂರು."

"ಗೊತ್ತು. ಗೊತ್ತಿದ್ದೇ ಬಂದೆ."

ಅವಳು ತನ್ನ ಮುಲಾಮು ತೆಗೆದು ಅವನ ಕಿವಿಗಳ ಹಿಂದೆ ಹಚ್ಚಿದಳು.

ಅವನು ಹೊರಟಾಗ ಅವಳೂ ಹೊರಟಳು. ಹದಿನೆಂಟು ಹೆಜ್ಜೆಗೆ ನಿಂತಳು. ಅತ್ತೆ ಓಡಿಬಂದರು, ಅವಳು ಬೇಡವೆಂದು ಕೈ ಅಲ್ಲಾಡಿಸಿದಳು. ಇನ್ನೂ ನಾಲ್ಕು ಹೆಜ್ಜೆ. ಟ್ಯೂಬ್ ಎಳೆಯದೆ ಹಿಂದೆಯೇ ಬಂತು. ಗೇಟಿನ ಸರಳು ಹಿಡಿದು ಏದುಸಿರು ಬಿಟ್ಟಳು.

"ಹೋಗಿ ಬನ್ನಿ... ಅಲ್ಲ, ಹೋಗಿ ಬಾ."

"ಯಾವಾಗ ಬರ್ಲಿ?"

"ಬೇಗ. ನನ್ನ ಹತ್ರ ಜಾಸ್ತಿ ದಿನ ಇಲ್ಲ ಕಣೋ."

ಅವನು ಒಳಗೇ ನಿಂತು ಗೇಟಿನ ಚಿಲಕ ಹಾಕಿದ.

"ಹಾಗಾದ್ರೆ ಹೋಗೋದೇ ಇಲ್ಲ, ಬಿಡು."